ಹಗಲು ಕನ್ನಡ ಅಕ್ಷರ, ಇರುಳು ಆಟ: ಒಂದೇ ಮಾನಿಟರ್ ಎರಡಕ್ಕೂ ಒದಗೀತೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮನೆಯಿಂದಲೇ ಕೆಲಸ ಮಾಡುವ ನನಗೆ ಹೊಸ ಮಾನಿಟರ್ ಕೊಳ್ಳುವ ವಿಷಯದಲ್ಲಿ ತಮ್ಮೆಲ್ಲರ ಸಲಹೆ ಬೇಕಾಗಿದೆ. ಈಗಿರುವುದು 24 ಇಂಚಿನ, 1080ಪಿ (ಮೇಲಿನಿಂದ ಕೆಳಗೆ 1080 ಸಾಲು ಪಿಕ್ಸೆಲ್), 60 ಹರ್ಟ್ಜ್‌ನ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ) ಐಪಿಎಸ್ (ಎಲ್‌ಸಿಡಿಯ ಒಂದು ಬಗೆ) ಮಾನಿಟರ್; ಕೊಂಡು ಏಳು ವರ್ಷವಾಗಿದ್ದು, ಕೆಳಗಿನ ಎಡ ಮೂಲೆಯಲ್ಲಿ ಹಳದಿ ಮಚ್ಚೆಯೊಂದು ಕಾಣಿಸಿಕೊಂಡಿದೆ. ಕಂಪ್ಯೂಟರ್‌ನಲ್ಲಿ ರೈಜೆನ್ 5 5600 ಪ್ರೊಸೆಸರ್, 16 ಜಿಬಿ ಡಿಡಿಆರ್4 ರ‍್ಯಾಮ್ ಮತ್ತು 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್ ಇವೆ. ಅದೇ ಮೇಜಿನ ಮೇಲೆ ಪ್ಲೇಸ್ಟೇಷನ್ 5 ಕೂಡ ಇದೆ.

ನನ್ನ ಉದ್ಯೋಗ ಮೊಬೈಲ್ ಆ್ಯಪ್‌ಗಳ ಪಠ್ಯವನ್ನು ಕನ್ನಡಕ್ಕೆ ತರುವುದು. ದಿನಕ್ಕೆ ಎಂಟೊಂಬತ್ತು ಗಂಟೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡವಿರುವ ಕೋಷ್ಟಕವೊಂದು ಅಲುಗಾಡದೆ ಕಣ್ಣೆದುರು ನಿಂತಿರುತ್ತದೆ. ರಾತ್ರಿ ಊಟವಾದ ಮೇಲೆ ಎರಡು ಗಂಟೆ ಆಟ: ಕಂಪ್ಯೂಟರ್‌ನಲ್ಲಿ ಸೈಬರ್‌ಪಂಕ್ 2077 ಮತ್ತು ಎಲ್ಡನ್ ರಿಂಗ್, ಪ್ಲೇಸ್ಟೇಷನ್‌ನಲ್ಲಿ ಕಾರಿನ ಆಟಗಳು. ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರರ ಬಳಿಕ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತದೆ.

ಕಳೆದ ತಿಂಗಳು ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ 27 ಇಂಚಿನ, 1440ಪಿ, 240 ಹರ್ಟ್ಜ್‌ನ ಒಎಲ್ಇಡಿ ಮಾನಿಟರ್ ನೋಡಿದೆ. ದೀಪವಾರಿಸಿದ ಕೋಣೆಯಲ್ಲಿ ಆಟದೊಳಗಿನ ಗುಹೆಯ ಕತ್ತಲು ನಿಜವಾದ ಕತ್ತಲಿನಂತೆಯೇ ಕಂಡಿತು, ಪರದೆಯ ಅಂಚು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಅಂದಿನಿಂದ ನನ್ನ ಹಳೆಯ ಮಾನಿಟರ್‌ನ ಕಪ್ಪು ಬೂದಿ ಬಳಿದಂತೆ ಕಾಣುತ್ತಿದೆ. ಆದರೆ ಒಎಲ್ಇಡಿಯಲ್ಲಿ ಬಹಳ ಹೊತ್ತು ಅಲುಗಾಡದೆ ನಿಂತ ಚಿತ್ರದ ಅಚ್ಚು ಪರದೆಯಲ್ಲೇ ಉಳಿಯುತ್ತದೆ ಎಂಬ ಭಯವೂ ಇದೆ. 80 ಸಾವಿರ ರೂಪಾಯಿ ಕೂಡಿಸಿದ್ದೇನೆ. ಒಎಲ್ಇಡಿ ಕೊಳ್ಳಲೇ, 4ಕೆ (2160 ಸಾಲು ಪಿಕ್ಸೆಲ್‌ನ) ಐಪಿಎಸ್ ಕೊಳ್ಳಲೇ, ಅಥವಾ ಮಾನಿಟರ್ ಹಾಗೆಯೇ ಇಟ್ಟುಕೊಂಡು ಗ್ರಾಫಿಕ್ಸ್ ಕಾರ್ಡ್ ಬದಲಿಸಲೇ? ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿದು ಆಡುವ ಸಾಧನವೊಂದೇ ಸಾಕೆಂದು ನನ್ನ ತಮ್ಮ ಹೇಳುತ್ತಿದ್ದಾನೆ, ಅದನ್ನೂ ತಳ್ಳಿಹಾಕಿಲ್ಲ.

ನೆರಳುಬೆಳಕು

ವಿಡಿಯೊ ಸಂಕಲನ ನನ್ನ ವೃತ್ತಿ. ಮೂರು ವರ್ಷಗಳಿಂದ ಒಎಲ್ಇಡಿ ಮಾನಿಟರ್‌ನ ಮುಂದೆಯೇ ಕುಳಿತಿದ್ದೇನೆ. ಹೀಗಾಗಿ ಅದರ ಪರವಾಗಿ ಮಾತನಾಡುವವನು ನಾನೇ ಆಗಬೇಕು.

ತಾವು ಕಂಡ ಕತ್ತಲಿನ ಗುಟ್ಟು ಸರಳವಾದದ್ದು. ಐಪಿಎಸ್ ಮಾನಿಟರ್‌ನಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತಿರುತ್ತದೆ, ಮುಂದಿರುವ ದ್ರವಸ್ಫಟಿಕದ ಪದರ ಆ ಬೆಳಕನ್ನು ತಡೆಯಲು ಯತ್ನಿಸುತ್ತದೆ, ಆದರೆ ಪೂರ್ತಿ ತಡೆಯಲಾರದು. ಒಎಲ್ಇಡಿಯಲ್ಲಿ ಪ್ರತಿ ಪಿಕ್ಸೆಲ್ ತನ್ನ ಬೆಳಕನ್ನು ತಾನೇ ಕೊಡುವುದರಿಂದ ಕಪ್ಪು ಬೇಕಾದಲ್ಲಿ ಆ ಪಿಕ್ಸೆಲ್ ಆರಿಯೇ ಹೋಗುತ್ತದೆ. ಇವೆರಡರ ನಡುವೆ ಬರುವುದು ಮಿನಿ ಎಲ್ಇಡಿ: ಹಿಂಬದಿಯ ದೀಪವನ್ನು ನೂರಾರು ವಲಯಗಳಾಗಿ ಒಡೆದು ಬೇಕಾದ ಕಡೆ ಮಾತ್ರ ಬೆಳಗಿಸುತ್ತಾರೆ. 1152 ವಲಯಗಳಿರುವ ಮಾನಿಟರ್ ಚೆನ್ನಾಗಿಯೇ ಕಾಣುತ್ತದೆ. ಆದರೂ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ ಎಂಬುದನ್ನು ನೆನೆದರೆ, ಒಂದೊಂದು ವಲಯದ ಪಾಲಿಗೆ ಏಳು ಸಾವಿರಕ್ಕೂ ಹೆಚ್ಚು ಪಿಕ್ಸೆಲ್‌ಗಳು ಬೀಳುತ್ತವೆ. ಕಪ್ಪು ಆಕಾಶದಲ್ಲಿ ಒಂಟಿ ನಕ್ಷತ್ರವಿದ್ದರೆ ಅದರ ಸುತ್ತ ಮಂಜಿನ ಪ್ರಭಾವಳಿ ಮೂಡುವುದು ಇದರಿಂದಲೇ.

ಇನ್ನು ಹರ್ಟ್ಜ್ ಲೆಕ್ಕ. ಪರದೆಯ ಮೇಲೆ ಒಂದು ಕಾರು ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. 60 ಹರ್ಟ್ಜ್‌ನಲ್ಲಿ ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ಹೊತ್ತು ನಿಂತಲ್ಲೇ ನಿಂತು, ಮುಂದಿನದು 16 ಪಿಕ್ಸೆಲ್ ಆಚೆಗೆ ಕಾಣಿಸುತ್ತದೆ. ಕಣ್ಣಾದರೋ ನಿಲ್ಲದೆ ಕಾರನ್ನು ಹಿಂಬಾಲಿಸುತ್ತಿರುತ್ತದೆ. ಕಣ್ಣು ಓಡುವುದು, ಚಿತ್ರ ನಿಲ್ಲುವುದು, ಈ ಎರಡರ ಎಳೆದಾಟವೇ ನಮಗೆ ಮಸುಕಾಗಿ ತೋರುತ್ತದೆ. 240 ಹರ್ಟ್ಜ್‌ನಲ್ಲಿ ಅದೇ 16 ಪಿಕ್ಸೆಲ್ 4ಕ್ಕೆ ಇಳಿಯುತ್ತದೆ. ಗಮನಿಸಿ, ಇದು ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಮಾತ್ರ ಬಿಡಿಸುವ ಆಟಕ್ಕೆ ಒದಗುವ ಲಾಭವಲ್ಲ. ತಾವು ಆಡುವ ಎಲ್ಡನ್ ರಿಂಗ್ ಸೆಕೆಂಡಿಗೆ 60 ಫ್ರೇಮ್ ದಾಟದಂತೆ ಅದನ್ನು ಮಾಡಿದವರೇ ಮಿತಿ ಹಾಕಿದ್ದಾರೆ. ಪ್ಲೇಸ್ಟೇಷನ್ 5 ಹೆಚ್ಚೆಂದರೆ 120 ಹರ್ಟ್ಜ್ ಕಳುಹಿಸುತ್ತದೆ. ಆದ್ದರಿಂದ 240, 360 ಎಂಬ ಅಂಕಿಗಳಿಗೆ ತಾವು ಹಣ ತೆರಬೇಕಾದ ಅಗತ್ಯ ಕಡಿಮೆ. ಒಎಲ್ಇಡಿಯಿಂದ ತಮಗೆ ಸಿಗುವುದು ಕಪ್ಪು, ವೇಗವಲ್ಲ.

ಪೆಟ್ಟಿಗೆಯ ಮೇಲೆ ‘ಎಚ್‌ಡಿಆರ್ 400’ (ಎಚ್‌ಡಿಆರ್ ಎಂದರೆ ಬೆಳಕು ಕತ್ತಲುಗಳ ಅಂತರವನ್ನು ಹೆಚ್ಚಿಸಿ ತೋರಿಸುವ ವಿಧಾನ) ಎಂದು ಬರೆದಿರುವ ಅಗ್ಗದ ಐಪಿಎಸ್ ಮಾನಿಟರ್‌ಗಳಿಗೆ ಮರುಳಾಗಬೇಡಿ. ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2017ರ ಕೊನೆಯಲ್ಲಿ ಮಾಡಿದ ಆ ದರ್ಜೆಗೆ ಹಿಂಬದಿಯ ದೀಪ ವಲಯವಾರು ಮಂಕಾಗಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಒಟ್ಟು ಬೆಳಕು ಸ್ವಲ್ಪ ಹೆಚ್ಚಿದ್ದರೆ ಮುದ್ರೆ ಸಿಗುತ್ತಿತ್ತು. ಒಎಲ್ಇಡಿಗಳಿಗೆ ‘ಟ್ರೂ ಬ್ಲ್ಯಾಕ್’ ಎಂಬ ಬೇರೆ ದರ್ಜೆಯೇ ಇದೆ. ಎರಡರಲ್ಲೂ 400 ಎಂದಿದ್ದರೂ ಎರಡೂ ಒಂದೇ ಅಲ್ಲ.

ಅಚ್ಚು ಉಳಿಯುವ ಭಯದ ಬಗ್ಗೆ ನನ್ನ ಅನುಭವ: ಟಾಸ್ಕ್‌ಬಾರ್ ಮರೆಯಾಗುವಂತೆ ಮಾಡಿ, ಹಿನ್ನೆಲೆ ಕಪ್ಪಾಗಿಸಿ, ಹೊಳಪನ್ನು ಅರ್ಧಕ್ಕಿಳಿಸಿ ಕೆಲಸ ಮಾಡಿದ ನನಗೆ ಮೂರು ವರ್ಷದಲ್ಲಿ ತೊಂದರೆಯಾಗಿಲ್ಲ. ನಾನಾಗಿದ್ದರೆ ಒಎಲ್ಇಡಿಯನ್ನೇ ಕೊಳ್ಳುತ್ತಿದ್ದೆ.

ಒತ್ತಕ್ಷರ

ಮೇಲಿನವರ ಮಾತು ಆಟದ ಮಟ್ಟಿಗೆ ಸರಿ. ಆದರೆ ಪ್ರಶ್ನೆ ಕೇಳಿದವರು ದಿನಕ್ಕೆ ಎರಡು ಗಂಟೆ ಆಡುತ್ತಾರೆ, ಒಂಬತ್ತು ಗಂಟೆ ಕನ್ನಡ ಓದುತ್ತಾರೆ. ಧಾರವಾಡದಲ್ಲಿ ಪುಸ್ತಕಗಳ ಕರಡು ತಿದ್ದುವ ನಾನು ಒಎಲ್ಇಡಿಯಲ್ಲೇ ಒಂದು ಬಗೆಯಾದ ಕ್ಯೂಡಿ-ಒಎಲ್ಇಡಿ ಮಾನಿಟರ್ ಒಂದನ್ನು ಆರು ತಿಂಗಳು ಬಳಸಿ, ಕೊನೆಗೆ ಅಣ್ಣನ ಮಗನಿಗೆ ಕೊಟ್ಟುಬಿಟ್ಟೆ. ಕಾರಣ ಹೇಳುತ್ತೇನೆ.

ಸಾಮಾನ್ಯ ಮಾನಿಟರ್‌ನ ಒಂದು ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಅಕ್ಷರದ ಅಂಚನ್ನು ನಯಗೊಳಿಸುವುದು ಈ ಸಾಲನ್ನು ನಂಬಿಕೊಂಡೇ. ಕ್ಯೂಡಿ-ಒಎಲ್ಇಡಿಯಲ್ಲಿ ಈ ಮೂರೂ ತ್ರಿಕೋನಾಕಾರದಲ್ಲಿರುತ್ತವೆ, ಹಸಿರು ಮೇಲೆ, ಕೆಂಪು ಮತ್ತು ನೀಲಿ ಕೆಳಗೆ. ಪರಿಣಾಮವಾಗಿ ಅಡ್ಡಗೆರೆಗಳ ಒಂದು ಅಂಚಿಗೆ ಹಸಿರು, ಇನ್ನೊಂದಕ್ಕೆ ನೇರಳೆಗೆಂಪು ಛಾಯೆ ತಗಲುತ್ತದೆ. ರೋಮನ್ ಲಿಪಿಯಲ್ಲಿ ಅಡ್ಡಗೆರೆ ಅಲ್ಲೊಂದು ಇಲ್ಲೊಂದು. ನಮ್ಮಲ್ಲಿ ಬಹುಪಾಲು ಅಕ್ಷರಗಳಿಗೆ ತಲೆಕಟ್ಟು ಇದೆಯಲ್ಲ! ಒಂದು ಪುಟ ಕನ್ನಡವೆಂದರೆ ನೂರಾರು ತಲೆಕಟ್ಟುಗಳು, ಪ್ರತಿಯೊಂದಕ್ಕೂ ಬಣ್ಣದ ಅಂಚು. ಇಂಗ್ಲಿಷ್ ವಿಮರ್ಶಕರು ‘ಒಂದು ವಾರದಲ್ಲಿ ರೂಢಿಯಾಗುತ್ತದೆ’ ಎನ್ನುವುದನ್ನು ನಂಬಿ ನಾನು ಕಾದೆ, ರೂಢಿಯಾಗಲಿಲ್ಲ.

ಎರಡನೆಯ ಮಾತು ಸಾಂದ್ರತೆಯದು. 27 ಇಂಚಿನ 1440ಪಿ ಪರದೆಯಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್‌ಗಳು. ತಮ್ಮ ಈಗಿನ 24 ಇಂಚಿನದರಲ್ಲಿ ಸುಮಾರು 92. ಏರಿಕೆ ಅಷ್ಟೇನೂ ಇಲ್ಲ. 27 ಇಂಚಿನ 4ಕೆಯಲ್ಲಾದರೆ 163. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಒಂದಕ್ಕೊಂದು ಜೋತುಬಿದ್ದ ಎರಡೆರಡು ಒತ್ತುಗಳು ಕೆಲವೇ ಪಿಕ್ಸೆಲ್‌ಗಳ ಜಾಗದಲ್ಲಿ ಮುದುಡಿ ಕುಳಿತಿರುತ್ತವೆ. ‘ಪ’ ಮತ್ತು ‘ಷ’ಗಳ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಸಣ್ಣ ಗೀಟು ಮಾತ್ರ. ದಣಿದ ಕಣ್ಣಿಗೆ ಸಂಜೆಯ ಹೊತ್ತಿಗೆ ಆ ಗೀಟು ಕಾಣದೆ ಹೋದರೆ ಕರಡಿನಲ್ಲಿ ತಪ್ಪು ಉಳಿಯುತ್ತದೆ. ನನ್ನಲ್ಲಿ ಉಳಿದಿದೆ ಕೂಡ.

4ಕೆಯಲ್ಲಿ ವಿಂಡೋಸ್‌ನ ಅಳತೆಯನ್ನು ಶೇ 150ಕ್ಕೆ ಇಟ್ಟರೆ 1440ಪಿಯಷ್ಟೇ ಜಾಗ ಸಿಗುತ್ತದೆ, ಅಕ್ಷರ ಮಾತ್ರ ಅಚ್ಚು ಹಾಕಿದಂತೆ ಕಾಣುತ್ತದೆ. ಬಿಸಿಲಿನ ಕಿಟಕಿಯನ್ನೂ ಮರೆಯಬೇಡಿ. ಕ್ಯೂಡಿ-ಒಎಲ್ಇಡಿ ಮಾನಿಟರ್‌ಗಳಲ್ಲಿ ಧ್ರುವೀಕರಣದ ಪದರ ಇಲ್ಲದ ಕಾರಣ ಹೊರಗಿನ ಬೆಳಕು ಬಿದ್ದರೆ ಕಪ್ಪು ನೇರಳೆಗೆ ತಿರುಗುತ್ತದೆ. ತಾವು ರಾತ್ರಿ ಕಂಡ ಕತ್ತಲು ಮಧ್ಯಾಹ್ನ ಮೂರಕ್ಕೆ ಇರುವುದಿಲ್ಲ.

ತುಂಗಾತೀರ

ತಲೆಕಟ್ಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಗೆಳೆಯರ ಮನೆಯಲ್ಲಿ ಆಟ ನೋಡಿದೆನೇ ಹೊರತು ಒಂದು ಸಾಲು ಕನ್ನಡವನ್ನೂ ತೆರೆದು ನೋಡಲಿಲ್ಲ. ಎಲ್ಜಿಯವರ ಡಬ್ಲ್ಯೂ-ಒಎಲ್ಇಡಿ ಫಲಕದಲ್ಲಿ ಈ ತೊಂದರೆ ಇಲ್ಲವೇ? ಹಾಗೆಯೇ 27 ಇಂಚಿನಲ್ಲೇ 4ಕೆ ಇರುವ ಒಎಲ್ಇಡಿ ಬಂದಿದೆ ಎಂದು ಓದಿದ ನೆನಪು.

ಒತ್ತಕ್ಷರ

ಡಬ್ಲ್ಯೂ-ಒಎಲ್ಇಡಿಯಲ್ಲಿ ಬಿಳಿಯ ನಾಲ್ಕನೆಯ ಉಪಪಿಕ್ಸೆಲ್ ಇರುವುದರಿಂದ ಛಾಯೆ ಬೇರೆ ರೀತಿಯಲ್ಲಿ, ಅಕ್ಕಪಕ್ಕದ ಅಂಚುಗಳಲ್ಲಿ ಬರುತ್ತದೆ. ಹೊಸ ಫಲಕಗಳಲ್ಲಿ ಜೋಡಣೆಯ ಕ್ರಮ ಬದಲಿಸಿರುವುದರಿಂದ ಸಾಕಷ್ಟು ಸುಧಾರಿಸಿದೆ. 27 ಇಂಚಿನ 4ಕೆ, 240 ಹರ್ಟ್ಜ್ ಕ್ಯೂಡಿ-ಒಎಲ್ಇಡಿ 2025ರಲ್ಲಿ ಬಂತು. ಸಾಂದ್ರತೆ ಹೆಚ್ಚಿರುವುದರಿಂದ ಬಣ್ಣದ ಅಂಚು ಕಣ್ಣಿಗೆ ಬೀಳದಷ್ಟು ಸಣ್ಣದಾಗುತ್ತದೆ. ಅಕ್ಷರಕ್ಕೂ ಆಟಕ್ಕೂ ಹೊಂದುವ ಒಎಲ್ಇಡಿ ಎಂದರೆ ಅದೇ. ಆದರೆ ತಮ್ಮ 80 ಸಾವಿರಕ್ಕೆ ಅದು ದಕ್ಕುವುದು ಕಷ್ಟ.

ಕಡಲೂರಿಗ

ಉಡುಪಿಯಲ್ಲಿ ಮಾನಿಟರ್, ಟೀವಿ ರಿಪೇರಿ ಮಾಡುವವನು ನಾನು. ಇಲ್ಲಿ ಯಾರೂ ಹೇಳದ ಒಂದು ವಿಷಯವಿದೆ: ನಮ್ಮ ಮನೆಗಳ ಸ್ವಿಚ್‌ಬೋರ್ಡ್.

ಒಎಲ್ಇಡಿ ಮಾನಿಟರ್ ತನ್ನ ಪಿಕ್ಸೆಲ್‌ಗಳ ಸವೆತವನ್ನು ತಾನೇ ಅಳೆದು ಸರಿದೂಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಟ್ಟು ನಾಲ್ಕು ಗಂಟೆ ಬಳಸಿದ ಮೇಲೆ, ಮಾನಿಟರ್ ಸ್ಟ್ಯಾಂಡ್‌ಬೈಗೆ ಹೋದಾಗ, ಕೆಲವು ನಿಮಿಷ ಈ ಕೆಲಸ ಒಳಗೊಳಗೇ ನಡೆಯುತ್ತದೆ. ಪರದೆ ಕಪ್ಪಾಗಿರುತ್ತದೆ, ಸಣ್ಣ ದೀಪವೊಂದು ಮಿನುಗುತ್ತಿರಬಹುದು, ಅಷ್ಟೇ. ಅದಕ್ಕೆ ಆಗ ವಿದ್ಯುತ್ ಬೇಕು. ನಮ್ಮಲ್ಲಿ ಆಗುವುದೇನು? ಕಂಪ್ಯೂಟರ್ ಆರಿಸಿದ ಕೂಡಲೇ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಚಿಕ್ಕಂದಿನಿಂದ ಬಂದ ಶಿಸ್ತು. ನಾವು ಮರೆತರೂ ಮಲಗುವ ಮುನ್ನ ಅಮ್ಮ ಒಂದು ಸುತ್ತು ಬಂದು ಎಲ್ಲ ಸ್ವಿಚ್ ಆರಿಸಿಯೇ ಮಲಗುತ್ತಾರೆ. ಮಳೆಗಾಲದಲ್ಲಿ ಸಿಡಿಲಿನ ಭಯಕ್ಕೆ ಪ್ಲಗ್ಗನ್ನೇ ಕಿತ್ತಿಡುತ್ತಾರೆ. ಅದು ತಪ್ಪೆಂದು ಹೇಳಲಾರೆ, ಸಿಡಿಲಿಗೆ ಸುಟ್ಟ ಬೋರ್ಡುಗಳನ್ನು ಪ್ರತಿ ವರ್ಷ ನೋಡುವವನು ನಾನು. ಆದರೆ ದಿನವೂ ಹೀಗಾದರೆ ಸರಿದೂಗಿಸುವ ಕೆಲಸ ನಡೆಯುವುದೇ ಇಲ್ಲ.

ಕಳೆದ ವರ್ಷ ನನ್ನ ಮೇಜಿಗೆ ಬಂದ ಒಂದು ಒಎಲ್ಇಡಿ ಮಾನಿಟರ್‌ಗೆ ಇನ್ನೂ ಹದಿನಾಲ್ಕು ತಿಂಗಳು. ಇಡೀ ಪರದೆಗೆ ಬೂದು ಬಣ್ಣ ತುಂಬಿ ನೋಡಿದರೆ ಕೆಳಗೆ ಟಾಸ್ಕ್‌ಬಾರ್, ನಡುವೆ ಲೆಕ್ಕದ ಹಾಳೆಯ ಗೆರೆಗಳು, ಮೇಲೆ ಸಂಸ್ಥೆಯೊಂದರ ಲಾಂಛನ ಮಸುಕಾಗಿ ನಿಂತಿದ್ದವು. ವಿಚಾರಿಸಿದಾಗ ತಿಳಿದದ್ದು: ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಪೂರ್ತಿ ಹೊಳಪಿನಲ್ಲಿ ಓಡಿಸಿ, ಆರಕ್ಕೆ ಸರಿಯಾಗಿ ಮೈನ್ ಸ್ವಿಚ್ ಆರಿಸುತ್ತಿದ್ದರಂತೆ. ಆ ಫಲಕಕ್ಕೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಫಲಕ ಬದಲಿಸುವ ಖರ್ಚಿಗೆ ಹೊಸ ಮಾನಿಟರೇ ಬರುತ್ತದೆ.

‘ನೆರಳುಬೆಳಕು’ ಅವರ ಮೂರು ವರ್ಷದ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಸಂಕಲನದ ಕೆಲಸದಲ್ಲಿ ಪರದೆಯ ದೊಡ್ಡ ಭಾಗ ಚಲಿಸುತ್ತಿರುತ್ತದೆ. ಪ್ರಶ್ನೆ ಕೇಳಿದವರದು ಒಂಬತ್ತು ಗಂಟೆ ಅಲುಗಾಡದ ಕೋಷ್ಟಕ. ಒಎಲ್ಇಡಿ ಕೊಳ್ಳುವುದೇ ಆದರೆ, ಅಚ್ಚು ಉಳಿಯುವುದಕ್ಕೂ ವಾರಂಟಿ ಅನ್ವಯಿಸುತ್ತದೆಂದು ಭಾರತದ ವಾರಂಟಿ ಪತ್ರದಲ್ಲೇ ಬರೆದಿದೆಯೇ ಎಂದು ಓದಿ ನೋಡಿ. ಹೊರದೇಶದ ಜಾಲತಾಣದಲ್ಲಿ ಇದ್ದರೆ ಸಾಲದು.

ನೆರಳುಬೆಳಕು

ಒಪ್ಪಿದೆ. ನನ್ನ ಮಾನಿಟರ್ ಯುಪಿಎಸ್‌ಗೆ ಜೋಡಿಸಿದ್ದು, ಅದರ ಸ್ವಿಚ್ ಆರಿದ್ದೇ ಇಲ್ಲ. ಅದೃಷ್ಟಕ್ಕೆ ಸರಿಯಾದ ಅಭ್ಯಾಸವಾಗಿತ್ತು, ತಿಳಿದು ಮಾಡಿದ್ದಲ್ಲ.

ಚೌಕಟ್ಟೆಣಿಕೆ

ಮಾನಿಟರ್ ಚರ್ಚೆ ಒಂದು ದಡ ಸೇರುತ್ತಿರುವುದರಿಂದ ಕಾರ್ಡಿನ ಬಗ್ಗೆ ನಾನು ಬರೆಯುತ್ತೇನೆ. 4ಕೆ ಎಂದ ಕೂಡಲೇ ‘3060 ಎಳೆಯುವುದಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಅದು ಅರ್ಧ ನಿಜ.

1440ಪಿಯಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್‌ಗಳು, 4ಕೆಯಲ್ಲಿ 83 ಲಕ್ಷ. ಎಲ್ಲವನ್ನೂ ಕಾರ್ಡ್ ತಾನೇ ಬಿಡಿಸಬೇಕಾದರೆ ಹೊರೆ ಎರಡು ಪಟ್ಟಿಗೂ ಮೀರುತ್ತದೆ. ಆದರೆ ಸೈಬರ್‌ಪಂಕ್‌ನಲ್ಲಿ ಡಿಎಲ್ಎಸ್ಎಸ್ ಇದೆ. 4ಕೆ ಪರದೆಯಲ್ಲಿ ಅದನ್ನು ‘ಪರ್ಫಾರ್ಮೆನ್ಸ್’ ಮಟ್ಟಕ್ಕೆ ಇಟ್ಟರೆ ಕಾರ್ಡ್ ಬಿಡಿಸುವುದು 1080ಪಿ ಚಿತ್ರವನ್ನು ಮಾತ್ರ. ಉಳಿದುದನ್ನು ಊಹಿಸಿ ತುಂಬುವುದು ಡಿಎಲ್ಎಸ್ಎಸ್‌ನ ಕೆಲಸ. 1440ಪಿ ಪರದೆಯಲ್ಲಿ ‘ಕ್ವಾಲಿಟಿ’ ಮಟ್ಟದಲ್ಲಿ ಬಿಡಿಸುವುದು 960 ಸಾಲುಗಳ ಚಿತ್ರ. ಎರಡರ ನಡುವಿನ ಅಂತರ ಭಯಪಡುವಷ್ಟಿಲ್ಲ. ತುಂಬುವ ಕೆಲಸಕ್ಕೂ ಸ್ವಲ್ಪ ಸಮಯ, ಸ್ವಲ್ಪ ಮೆಮೊರಿ ಬೇಕು. ತಮ್ಮ ಕಾರ್ಡಿನಲ್ಲಿ 12 ಜಿಬಿ ಇರುವುದು ಇಲ್ಲಿ ನೆರವಿಗೆ ಬರುತ್ತದೆ. 2025ರ ಜನವರಿಯಲ್ಲಿ ಡಿಎಲ್ಎಸ್ಎಸ್ 4ರ ಜೊತೆ ಬಂದ ಹೊಸ ಮಾದರಿ ಹಳೆಯ ಆರ್‌ಟಿಎಕ್ಸ್ ಕಾರ್ಡುಗಳಲ್ಲೂ ನಡೆಯುತ್ತದೆ, ಚಿತ್ರ ಮೊದಲಿಗಿಂತ ಸ್ಪಷ್ಟವಾಗಿದೆ. ಫ್ರೇಮ್‌ಗಳ ನಡುವೆ ಹೊಸ ಫ್ರೇಮ್ ಹೆಣೆಯುವ ಸೌಲಭ್ಯ ಮಾತ್ರ 40ರ ಸರಣಿಯಿಂದ ಈಚಿನವಕ್ಕೇ ಮೀಸಲು.

ಎಲ್ಡನ್ ರಿಂಗ್‌ನಲ್ಲಿ ಡಿಎಲ್ಎಸ್ಎಸ್ ಇಲ್ಲ. ಅಲ್ಲಿ 1440ಪಿಗೆ ಇಳಿಸಿ ಆಡಿ. ಅದೂ ಭಾರವೆನಿಸಿದರೆ 1080ಪಿ. 4ಕೆ ಎನ್ನುವುದು 1080ಪಿಯ ಉದ್ದಗಲಗಳ ಸರಿಯಾಗಿ ಎರಡು ಪಟ್ಟು, ಆದ್ದರಿಂದ ಕಾರ್ಡಿನ ಸೆಟ್ಟಿಂಗ್‌ನಲ್ಲಿ ‘ಇಂಟಿಜರ್ ಸ್ಕೇಲಿಂಗ್’ ಆಯ್ದುಕೊಂಡರೆ ಒಂದು ಪಿಕ್ಸೆಲ್ ನಾಲ್ಕಾಗಿ ಹರಡುತ್ತದೆ, ಹೆಚ್ಚುವರಿ ಮಸುಕಿಲ್ಲ.

ಹೊಸ ಕಾರ್ಡ್ ಈಗಲೇ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಮೆಮೊರಿಯ ಬೆಲೆ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಡಿರ‍್ಯಾಮ್ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರುತ್ತ ಬಂದಿದೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಮುಂದೆ ಕಾರ್ಡ್ ಕೊಳ್ಳುವಾಗ 8 ಜಿಬಿಯದನ್ನು ಮುಟ್ಟಬೇಡಿ. 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060 ಟಿಐ ನೋಡಿ. ಆರ್‌ಟಿಎಕ್ಸ್ 5070 ಟಿಐನಂಥದ್ದಕ್ಕೆ ಹೋದರೆ ಕಾರ್ಡ್ ಒಂದೇ 300 ವಾಟ್ ಕೇಳುತ್ತದೆ; ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಸುಮಾರು 360 ವಾಟ್ ಮಾತ್ರ ಹೊರುತ್ತದೆಂಬುದು ಲೆಕ್ಕದಲ್ಲಿರಲಿ.

ಪ್ಲೇಸ್ಟೇಷನ್‌ಗಾಗಿ ಒಂದು ಮಾತು. ಆಟದ ಫ್ರೇಮ್‌ಗಳಿಗೆ ತಕ್ಕಂತೆ ಪರದೆಯ ಹರ್ಟ್ಜ್ ಬದಲಿಸುವ ಅದರ ವಿಆರ್‌ಆರ್ ಸೌಲಭ್ಯ 48ರಿಂದ 120 ಹರ್ಟ್ಜ್ ನಡುವೆ, ಎಚ್‌ಡಿಎಂಐ 2.1ರ ವಿಧಾನದಲ್ಲಿ ಮಾತ್ರ ನಡೆಯುತ್ತದೆ. ‘ಫ್ರೀಸಿಂಕ್ (ಎಎಂಡಿಯ ಇದೇ ಬಗೆಯ ವಿಧಾನ) ಇದೆ’ ಎಂಬ ಅಂಗಡಿಯವರ ಭರವಸೆ ಅಲ್ಲಿ ಕೆಲಸಕ್ಕೆ ಬಾರದು. ಹಿಂಬದಿಯ ಎಚ್‌ಡಿಎಂಐ ಕಿಂಡಿ 2.0 ಆಗಿದ್ದರೆ 4ಕೆ 60 ಹರ್ಟ್ಜ್‌ಗೇ ನಿಲ್ಲುತ್ತದೆ.

ಸ್ಟೀಮ್ ಡೆಕ್ ಬಗ್ಗೆ: ವಾಲ್ವ್ ಅದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ, ಕೆಟ್ಟರೆ ವಾರಂಟಿಗೆ ದಾರಿಯಿಲ್ಲ. ಅದೂ ಅಲ್ಲದೆ 7.4 ಇಂಚಿನ ಪರದೆಯಲ್ಲಿ ಅನುವಾದ ಮಾಡಲಾಗದು. ತಮ್ಮನಿಗೆ ಬೇಕಿದ್ದರೆ ಅವನೇ ಕೊಳ್ಳಲಿ.

ತುಂಗಾತೀರ

ಎಲ್ಲರಿಗೂ ವಂದನೆಗಳು. ಕಳೆದ ವಾರ ಬೆಂಗಳೂರಿಗೆ ಹೋಗಿದ್ದಾಗ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ನನ್ನದೇ ಕೋಷ್ಟಕವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಎರಡು ಮಾನಿಟರ್‌ಗಳಲ್ಲಿ ಅಕ್ಕಪಕ್ಕ ತೆರೆಸಿದೆ. ಆಟದ ವಿಡಿಯೊ ಬೇಡ, ಕನ್ನಡ ತೋರಿಸಿ ಎಂದಾಗ ಅಂಗಡಿಯ ಹುಡುಗ ನಕ್ಕ. 1440ಪಿ ಕ್ಯೂಡಿ-ಒಎಲ್ಇಡಿಯಲ್ಲಿ ‘ಸಲ್ಲಿಸಿ’ ಎಂಬ ಪದದ ಮೇಲಂಚಿನಲ್ಲಿ ಹಸಿರು ಎಳೆ ಇದೆಯೆಂದು ತಿಳಿದು ನೋಡಿದ್ದರಿಂದಲೋ ಏನೋ, ಮೊದಲ ನೋಟಕ್ಕೇ ಕಂಡಿತು. ಆಮೇಲೆ ಅದನ್ನು ಕಾಣದೆ ಇರಲು ಆಗಲಿಲ್ಲ. ಪಕ್ಕದ 27 ಇಂಚಿನ 4ಕೆ, 160 ಹರ್ಟ್ಜ್ ಐಪಿಎಸ್‌ನಲ್ಲಿ ಒತ್ತುಗಳು ಕಡೆದಿಟ್ಟಂತಿದ್ದವು. ಕಪ್ಪು ಮಾತ್ರ ನನ್ನ ಮನೆಯ ಹಳೆಯ ಬೂದಿಗಿಂತ ತುಸು ವಾಸಿ, ಅಷ್ಟೇ.

ಐಪಿಎಸ್ ಅನ್ನೇ ಕೊಂಡೆ. ಎಚ್‌ಡಿಎಂಐ 2.1 ಇದೆಯೆಂದು ಪೆಟ್ಟಿಗೆ ನೋಡಿ ಖಚಿತಪಡಿಸಿಕೊಂಡೆ. ಕೂಡಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಅದನ್ನು ಕಾರ್ಡಿಗೆ ಮೀಸಲಿಟ್ಟಿದ್ದೇನೆ. ರಾತ್ರಿ ಗುಹೆಯೊಳಗೆ ನಡೆಯುವಾಗ ಮೂಲೆಗಳಲ್ಲಿ ಬಿಳಿ ಸೋರಿಕೆ ಕಾಣುತ್ತದೆ, ಗೆಳೆಯರ ಮನೆಯ ಕತ್ತಲು ನೆನಪಾಗುತ್ತದೆ. ಮಾನಿಟರ್‌ನ ಹಿಂದೆ ಗೋಡೆಗೆ ಸಣ್ಣ ದೀಪವೊಂದನ್ನು ಹಚ್ಚಿಟ್ಟರೆ ಸೋರಿಕೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಮೊನ್ನೆ ಕರೆಂಟ್ ಹೋಗಿ ಬಂದ ಮೇಲೂ ಎಮರ್ಜೆನ್ಸಿ ಲ್ಯಾಂಪ್ ಅಲ್ಲಿ ಉರಿಯುತ್ತಿದ್ದಾಗ ಕಂಡುಕೊಂಡೆ.